500 ಲೀಟರ್ ಡೀಸೆಲ್ ಮತ್ತು ಒಬ್ಬ ಸೈನಿಕನ ಹೇಳಿಕೆ

ಅಪರಾಧಶಾಸ್ತ್ರದ ಹೆಚ್ಚಿನ ಸಿದ್ಧಾಂತಗಳು ಒಂದೇ ಪ್ರಶ್ನೆ ಇಟ್ಟುಕೊಂಡು ಹೊರಡುತ್ತವೆ. ಈ ಮನುಷ್ಯ ಕಾನೂನು ಯಾಕೆ ಮುರಿದ? ಬಡತನ ಇತ್ತಾ, ಸಹವಾಸ ಕೆಟ್ಟದಿತ್ತಾ, ಸಿಕ್ಕಿಬೀಳಲ್ಲ ಅನ್ನೋ ಧೈರ್ಯ ಇತ್ತಾ? ನರಮೇಧದ ಕಡತ ತೆರೆದರೆ ಈ ಪ್ರಶ್ನೆ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಗುಂಡು ಹಾರಿಸಿದವನು ತನ್ನ ಸುತ್ತಲಿನವರ ಮಾತು ಮೀರಿಲ್ಲ, ಕೇಳಿದ್ದಾನೆ. ಸಮವಸ್ತ್ರ ಇದೆ, ಮೇಲಧಿಕಾರಿ ಇದ್ದಾನೆ, ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುತ್ತಿವೆ. ಒಲ್ಲೆ ಅಂದವನೇ ಅಲ್ಲಿ ತಪ್ಪಿತಸ್ಥ.

ಇದನ್ನು ಓದಲು ಹುಬ್ಬಳ್ಳಿಯಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋದೆ. ಅದಕ್ಕೆ ಮೊದಲು ಸೆಷನ್ಸ್ ಕೋರ್ಟಿನಲ್ಲಿ ಒಬ್ಬ ಸೀನಿಯರ್ ಕೈಕೆಳಗೆ ಜೂನಿಯರ್ ಆಗಿದ್ದೆ. 302 ಕೇಸಿನ ಕಡತ ಹೊತ್ತು ಓಡಾಡುವುದು, ಸಾಕ್ಷಿಗಳ ಹೇಳಿಕೆ ನಕಲು ಮಾಡಿಕೊಳ್ಳುವುದು, ಪಂಚನಾಮೆಯಲ್ಲಿ ಏನು ತಪ್ಪಿದೆ ಅಂತ ಹುಡುಕುವುದು, ಇದೇ ಕೆಲಸ. ಹಾಗಾಗಿ ಸಾವಿನ ಕಾಗದಗಳು ನನಗೆ ಹೊಸವೇನಲ್ಲ. ಹೊಸದು ಅಂದರೆ ಲೆಕ್ಕದ ಪ್ರಮಾಣ. ಹುಬ್ಬಳ್ಳಿಯಲ್ಲಿ ಒಂದು ಶವ, ನೂರು ಪುಟ. ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ ಸಾವಿರಾರು ಶವ, ಲಕ್ಷಗಟ್ಟಲೆ ಪುಟ.

ಈ ವಿಷಯಕ್ಕೆ ಅಪರಾಧಶಾಸ್ತ್ರದವರು ಬಂದಿದ್ದೇ ತಡವಾಗಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹಾರ್ವರ್ಡ್‌ನ ಶೆಲ್ಡನ್ ಗ್ಲೂಕ್ ಯುದ್ಧಾಪರಾಧಿಗಳ ವಿಚಾರಣೆಯ ಬಗ್ಗೆ ಬರೆದರು. ಆಮೇಲೆ ದಶಕಗಳ ಕಾಲ ಹೆಚ್ಚುಕಡಿಮೆ ಮೌನ. ಬಾಲಾಪರಾಧ, ಮಾದಕ ವಸ್ತು, ಜೇಬುಗಳ್ಳತನದ ಮೇಲೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಅತಿ ಹೆಚ್ಚು ಜನರನ್ನು ಕೊಂದ ಅಪರಾಧದ ಮೇಲೆ ಬೆರಳೆಣಿಕೆಯಷ್ಟು. ನಂತರ ಜಾನ್ ಹೇಗನ್ ಅಂತಹವರು ಬಂದರು. 2004ರಲ್ಲಿ ಚಾಡ್ ದೇಶದ ನಿರಾಶ್ರಿತರ ಶಿಬಿರಗಳಲ್ಲಿ ಸುಡಾನ್‌ನ ಡಾರ್ಫುರ್‌ನಿಂದ ಓಡಿಬಂದ 1,136 ಜನರನ್ನು ಅಮೆರಿಕ ಸರ್ಕಾರ ಸಂದರ್ಶನ ಮಾಡಿಸಿತ್ತು. ಹೇಗನ್ ಅದೇ ಮಾಹಿತಿ ತೆಗೆದುಕೊಂಡು ಅಪರಾಧಶಾಸ್ತ್ರದ ಲೆಕ್ಕಾಚಾರದಲ್ಲಿ ಕೂರಿಸಿದರು. ದಾಳಿಯ ಹೊತ್ತಿಗೆ ಜನಾಂಗೀಯ ಬೈಗುಳ ಎಷ್ಟು ಕಡೆ ಕೇಳಿಬಂತು, ಎಲ್ಲಿ ಸೈನ್ಯ ಮತ್ತು ಸರ್ಕಾರದ ಬೆಂಬಲದ ಜಂಜವೀದ್ ಎಂಬ ಸಶಸ್ತ್ರ ಪಡೆ ಒಟ್ಟಿಗೆ ಬಂದವು, ಹೀಗೆ. 2009ರಲ್ಲಿ ಅವರಿಗೆ ಸ್ಟಾಕ್‌ಹೋಮ್ ಅಪರಾಧಶಾಸ್ತ್ರ ಪ್ರಶಸ್ತಿಯೂ ಬಂತು.

ಮೊದಲ ಅರ್ಧ ವರ್ಷ ತರಗತಿಗಳು. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಿಲ್‌ಗ್ರಾಮ್ ಪ್ರಯೋಗವನ್ನು ಮೂರು ಬೇರೆ ಬೇರೆ ಪ್ರಾಧ್ಯಾಪಕರು ಮೂರು ಸಲ ಹೇಳಿಕೊಟ್ಟರು. ಗೊತ್ತಲ್ವಾ, ಹೇಳಿದ ಮಾತಿಗೆ ಇನ್ನೊಬ್ಬನಿಗೆ ವಿದ್ಯುತ್ ಶಾಕ್ ಕೊಡಬೇಕಿದ್ದ 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಸ್ವಿಚ್ ಒತ್ತಿದ ಕಥೆ. ಒಂದು ಪ್ರಯೋಗಾಲಯ, ಕೆಲವು ನಿಮಿಷ, ನಿಜಕ್ಕೂ ಸಾಯದ ಮನುಷ್ಯ. ಇದರಿಂದ ಜಗತ್ತಿನ ಎಲ್ಲ ನರಮೇಧವನ್ನೂ ವಿವರಿಸಲು ಹೊರಟವರನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದಕ್ಕಿಂತ ಪೋಲೆಂಡ್‌ನ ಯೂಜೆಫುಫ್ ಎಂಬ ಊರಿನ ಕಥೆ ನನ್ನನ್ನು ಹೆಚ್ಚು ಕಾಡಿತು. 1942ರ ಜುಲೈ 13ರಂದು ಅಲ್ಲಿಗೆ ಜರ್ಮನ್ ಮೀಸಲು ಪೊಲೀಸ್ ದಳ 101 ಬಂದಿತ್ತು. ಯಹೂದಿಗಳನ್ನು ಕೊಲ್ಲುವ ಕೆಲಸ. ಶುರುವಾಗುವ ಮೊದಲು ಅವರ ಮೇಜರ್ ಟ್ರಾಪ್, ಆಗದಿದ್ದವರು ಸರಿದು ನಿಲ್ಲಬಹುದು ಅಂತ ಹೇಳಿದ. ಸುಮಾರು ಐನೂರು ಜನರಲ್ಲಿ ಆಗ ಸರಿದವರು ಹನ್ನೆರಡು ಜನದಷ್ಟು. ಉಳಿದವರಿಗೆ ಪ್ರಾಣಭಯ ಇರಲಿಲ್ಲ. ಆದರೂ ನಿಂತರು.

ಪ್ರಬಂಧಕ್ಕೆ ನಾನು ಹಿಡಿದಿದ್ದು ಇದರ ಇನ್ನೊಂದು ಮಗ್ಗುಲು. ಪ್ರಾಣಭಯ ಇತ್ತು ಅಂತ ಒಬ್ಬ ಕೊಲೆಗಾರ ಹೇಳಿದರೆ, ಆ ಮಾತನ್ನು ಅಧ್ಯಯನ ಮಾಡುವವರು ಹೇಗೆ ತೂಗಬೇಕು? ಹುಬ್ಬಳ್ಳಿಯಲ್ಲಿ ಕಲಿತ ಕಾನೂನು ಇಲ್ಲಿ ನನ್ನ ಜೊತೆಗಿತ್ತು. ನಮ್ಮ ದಂಡ ಸಂಹಿತೆಯ ಸೆಕ್ಷನ್ 94, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 32. ತಕ್ಷಣವೇ ಕೊಲ್ಲುತ್ತೇನೆ ಅಂತ ಬೆದರಿಸಿ ಮಾಡಿಸಿದ ಕೆಲಸ ಅಪರಾಧವಲ್ಲ, ಆದರೆ ಕೊಲೆಗೆ ಮತ್ತು ರಾಜ್ಯದ ವಿರುದ್ಧದ, ಮರಣದಂಡನೆ ಇರುವ ಅಪರಾಧಕ್ಕೆ ಈ ರಕ್ಷಣೆ ಇಲ್ಲ. ಅಂದರೆ ನಿನ್ನ ತಲೆಗೆ ಬಂದೂಕು ಇಟ್ಟಿದ್ದರೂ ಇನ್ನೊಬ್ಬನನ್ನು ಕೊಲ್ಲುವ ಹಕ್ಕು ನಿನಗಿಲ್ಲ. ಲಾ ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಇಂತಹ ಕೇಸು ಎದುರಿಗೆ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಕೇಸು ಹೇಗ್‌ನಲ್ಲಿತ್ತು. ಹೆಸರು ದ್ರಾಜೆನ್ ಎರ್ದೆಮೊವಿಚ್.

ಹಿನ್ನೆಲೆ ಸ್ವಲ್ಪ ಹೇಳಲೇಬೇಕು. 1995ರ ಜುಲೈ 11ರಂದು ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣ ಬೋಸ್ನಿಯನ್ ಸರ್ಬ್ ಸೈನ್ಯದ ಕೈಗೆ ಬಿತ್ತು. ಅದು ವಿಶ್ವಸಂಸ್ಥೆಯೇ ಘೋಷಿಸಿದ್ದ ಸುರಕ್ಷಿತ ಪ್ರದೇಶ, ಕಾವಲಿಗಿದ್ದವರು ಡಚ್ ಸೈನಿಕರು. ಮುಂದಿನ ಕೆಲವೇ ದಿನಗಳಲ್ಲಿ ಏಳೆಂಟು ಸಾವಿರ ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಈ ಹೆಸರು ಹೇಳಿದರೆ ಇವತ್ತಿಗೂ ಊಟದ ಮೇಜು ಸುಮ್ಮನಾಗುತ್ತದೆ. 2002ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ವರದಿ ಬಂದ ಕೆಲವೇ ದಿನಕ್ಕೆ ಅಲ್ಲಿನ ಪ್ರಧಾನಿ ವಿಮ್ ಕೋಕ್ ಅವರ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತ್ತು.

ಎರ್ದೆಮೊವಿಚ್ ಆಗ 23ರ ಹುಡುಗ. ಹುಟ್ಟಿನಿಂದ ಕ್ರೊಯೇಷಿಯನ್, ಹೆಂಡತಿ ಸರ್ಬ್, ಮನೆಯಲ್ಲಿ ಹಸುಗೂಸು. ಯುದ್ಧದಲ್ಲಿ ಆ ಸೈನ್ಯ ಈ ಸೈನ್ಯ ಅಂತ ಸುತ್ತಿ ಕೊನೆಗೆ ಬೋಸ್ನಿಯನ್ ಸರ್ಬ್ ಸೈನ್ಯದ 10ನೇ ವಿಧ್ವಂಸಕ ತುಕಡಿ ಸೇರಿದ್ದ. ಜುಲೈ 16ರಂದು ಅವನನ್ನೂ ಇನ್ನೂ ಏಳು ಜನರನ್ನೂ ಪಿಲಿತ್ಸಾ ಹತ್ತಿರದ ಬ್ರಾನ್ಯೆವೊ ಎಂಬ ಮಿಲಿಟರಿ ಫಾರ್ಮ್‌ಗೆ ಕರೆದೊಯ್ದರು. ಬಸ್ಸುಗಳಲ್ಲಿ ಕೈದಿಗಳು ಬಂದರು. ಹತ್ತು ಹತ್ತು ಜನರನ್ನು ಇಳಿಸಿ, ಬೆನ್ನು ತಿರುಗಿಸಿ ನಿಲ್ಲಿಸಿ ಕೊಂದರು. ಮಧ್ಯಾಹ್ನದ ತನಕ ನಡೆಯಿತು. ಸುಮಾರು 1,200 ಜನ ಅಂತ ಅವನ ಅಂದಾಜು. ತಾನೇ ಕೊಂದವರು 70ರಷ್ಟು ಇರಬಹುದು ಅಂತಲೂ ಅವನೇ ಹೇಳಿದ. ನಾನು ಮಾಡಲ್ಲ ಅಂದಾಗ, ಅವರ ಮೇಲೆ ಕನಿಕರ ಇದ್ದರೆ ನೀನೂ ಅವರ ಸಾಲಿಗೆ ಹೋಗಿ ನಿಲ್ಲು ಅಂದರು ಎಂಬುದು ಅವನ ಹೇಳಿಕೆ.

ಯಾರೂ ಅವನನ್ನು ಹುಡುಕುತ್ತಿರಲಿಲ್ಲ. 1996ರಲ್ಲಿ ತಾನಾಗಿಯೇ ಪತ್ರಕರ್ತರಿಗೆ ಹೇಳಿದ. ಬಂಧನವಾಯಿತು, ಹೇಗ್‌ಗೆ ಬಂದ, ತಪ್ಪೊಪ್ಪಿಕೊಂಡ.

ಜೈಲಿಗೆ ಹೋಗಿ ಇಂತಹ ಒಬ್ಬನನ್ನು ಸಂದರ್ಶನ ಮಾಡುವುದು ಒಬ್ಬ ಎಂಎ ವಿದ್ಯಾರ್ಥಿನಿಗೆ ಆಗುವ ಮಾತಲ್ಲ. ಅನುಮತಿ, ದುಭಾಷಿ, ದುಡ್ಡು, ಯಾವುದೂ ಇಲ್ಲ. ಆದರೆ ಬೋಸ್ನಿಯಾ ಸೇರಿದ್ದ ಹಳೆಯ ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗೆ ವಿಶ್ವಸಂಸ್ಥೆ ಹೇಗ್‌ನಲ್ಲಿ ಮಾಡಿದ್ದ ನ್ಯಾಯಮಂಡಳಿಯ ವಿಚಾರಣೆಯ ಪ್ರತಿ ಮಾತೂ ಬರಹದಲ್ಲಿದೆ. 1993ರಿಂದ 2017ರ ತನಕ ನಡೆದ ಈ ನ್ಯಾಯಮಂಡಳಿ 161 ಜನರ ಮೇಲೆ ದೋಷಾರೋಪ ಹೊರಿಸಿತು. ಆ ವಿಚಾರಣೆಗಳ ದಾಖಲೆ, ತೀರ್ಪು, ಸಾಕ್ಷ್ಯದ ಕಾಗದಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹುಬ್ಬಳ್ಳಿಯಲ್ಲಿ ಒಂದು ಹೇಳಿಕೆಯ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ ಕಾದವಳಿಗೆ ಇದು ಹಬ್ಬ.

ನನ್ನ ಮಾರ್ಗದರ್ಶಕರಿಗೆ ಮೊದಲ ಇಮೇಲ್‌ನಲ್ಲಿ ಸರ್ ಅಂತ ಬರೆದಿದ್ದೆ. ಹೆಸರು ಹಿಡಿದು ಕರಿ ಅಂತ ಉತ್ತರ ಬಂತು. ಅದು ಕೊನೆಯ ತನಕ ನನ್ನಿಂದ ಆಗಲಿಲ್ಲ, ಹೆಸರಿನ ಮುಂದೆ ಪ್ರೊಫೆಸರ್ ಅಂತ ಸೇರಿಸಿ ಪಾರಾದೆ. ನೈತಿಕ ಸಮಿತಿಯ ಫಾರ್ಮ್ ತುಂಬಬೇಕಿತ್ತು. ಬಹಿರಂಗ ದಾಖಲೆ ಆದ್ದರಿಂದ ಬೇರೆಯವರ ಒಪ್ಪಿಗೆಯ ಪ್ರಶ್ನೆ ಇರಲಿಲ್ಲ. ಆದರೆ ಒಂದು ಭಾಗ ಪೂರ್ತಿ ನನ್ನ ಬಗ್ಗೆಯೇ. ಇದನ್ನು ಓದುವಾಗ ನಿದ್ದೆ ಕೆಟ್ಟರೆ ಏನು ಮಾಡುತ್ತೀರಿ, ಯಾರ ಹತ್ತಿರ ಮಾತಾಡುತ್ತೀರಿ, ದಿನಕ್ಕೆ ಎಷ್ಟು ಹೊತ್ತು ಓದುತ್ತೀರಿ. ನಮ್ಮ ಕೋರ್ಟುಗಳಲ್ಲಿ ಪೋಸ್ಟ್‌ಮಾರ್ಟಂ ಫೋಟೊ ತೋರಿಸುತ್ತಲೇ ಚಹಾ ಕುಡಿಯುತ್ತೇವೆ. ಯಾರೂ ಇದನ್ನು ಕೇಳಿದ್ದಿಲ್ಲ. ಸ್ವಲ್ಪ ನಗು ಬಂತು, ಆದರೂ ತುಂಬಿದೆ. ಆ ಫಾರ್ಮ್ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ತೆಗೆದುಕೊಂಡ ಸಮಯ ನೋಡಿದರೆ, ಸರ್ಕಾರಿ ಕಚೇರಿ ಎಲ್ಲಾ ದೇಶದಲ್ಲೂ ಒಂದೇ.

ಕೆಲಸದ ವಿಧಾನ ಹೀಗೆ. ಹೇಳಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶಕ್ಕೆ ಹಾಕುವುದು. ಸಾಲು ಸಾಲಾಗಿ ಓದುತ್ತಾ, ಪ್ರತಿ ಮಾತಿಗೂ ಒಂದು ಗುರುತು ಹಚ್ಚುವುದು. ಇದಕ್ಕೆ ಕೋಡಿಂಗ್ ಅನ್ನುತ್ತಾರೆ. ಯಾವ ಗುರುತು ಅನ್ನುವುದಕ್ಕೆ ಸಿದ್ಧಾಂತ ಬೇಕು. ನಾನು ತೆಗೆದುಕೊಂಡಿದ್ದು 1957ರಲ್ಲಿ ಸೈಕ್ಸ್ ಮತ್ತು ಮಾಟ್ಜಾ ಎಂಬ ಇಬ್ಬರು ಸಂಶೋಧಕರು ಬಾಲಾಪರಾಧಿಗಳ ಬಗ್ಗೆ ಹೇಳಿದ ಐದು ನೆಪಗಳು. ನಾನು ಹೊಣೆಯಲ್ಲ. ಯಾರಿಗೂ ನಷ್ಟ ಆಗಿಲ್ಲ. ಅವನಿಗೆ ಹಾಗೇ ಆಗಬೇಕಿತ್ತು. ನನ್ನ ಮೇಲೆ ಬೆರಳು ತೋರಿಸುವವರೇನು ಸಾಚಾನಾ. ನನ್ನವರಿಗಾಗಿ ಮಾಡಿದೆ. ಕಾರು ಕದ್ದ ಹುಡುಗರಿಗೆ ಮಾಡಿದ ಈ ಪಟ್ಟಿಯನ್ನು ಯುದ್ಧಾಪರಾಧಿಗಳ ಮಾತಿಗೆ ಬಹಳ ಜನ ಸಂಶೋಧಕರು ಬಳಸಿದ್ದಾರೆ.

ಬಳಸಿದರೆ ಎಲ್ಲವೂ ಚೆನ್ನಾಗಿಯೇ ಕೂರುತ್ತದೆ. ಅದೇ ನನಗೆ ಅನುಮಾನ ಹುಟ್ಟಿಸಿದ್ದು. ನನ್ನ ಗುರುತುಗಳು ಸರಿ ಇವೆಯಾ ಅಂತ ಪರೀಕ್ಷಿಸಲು ಕೀನ್ಯಾದ ಒಬ್ಬ ಸಹಪಾಠಿ ಅವೇ ಪುಟಗಳಿಗೆ ಬೇರೆಯಾಗಿ ಗುರುತು ಹಾಕಿದಳು. ಹೆಚ್ಚಿನ ಕಡೆ ಇಬ್ಬರದೂ ಒಂದೇ. ಜಗಳ ಬಂದಿದ್ದು ಹೆಂಡತಿ ಮತ್ತು ಮಗುವಿನ ಮಾತಿನ ಹತ್ತಿರ. ಅಲ್ಲಿ ಸತ್ತರೆ ಅವರ ಗತಿ ಏನು ಅಂತ ಯೋಚಿಸಿದೆ ಅಂತ ಅವನು ಹೇಳುತ್ತಾನೆ. ನಾನು ಅದನ್ನು ಹೊಣೆ ಜಾರಿಸುವ ಮಾತು ಅಂತ ಗುರುತಿಸಿದ್ದೆ. ಅವಳು ತನ್ನವರಿಗಾಗಿ ಮಾಡಿದ ಅನ್ನುವ ಪೆಟ್ಟಿಗೆಗೆ ಹಾಕಿದ್ದಳು. ವಾದ ಮಾಡುತ್ತಾ ಮಾಡುತ್ತಾ ಇಬ್ಬರಿಗೂ ಅನಿಸಿತು, ಇದು ನೆಪವೇ ಆಗಿರಬೇಕು ಅಂತ ಏನಿದೆ? ನಿಜವೂ ಆಗಿರಬಹುದಲ್ವಾ? ಐದು ಪೆಟ್ಟಿಗೆಯಲ್ಲಿ ನಿಜಕ್ಕೆ ಜಾಗ ಇಟ್ಟಿರಲಿಲ್ಲ.

ಇನ್ನೊಂದು ತೊಡಕೂ ಇದೆ. ಈ ನೆಪಗಳು ಅಪರಾಧಕ್ಕೆ ಮೊದಲೇ ಮನಸ್ಸಿನಲ್ಲಿ ಬರುತ್ತವೆ, ದಾರಿ ಸುಗಮ ಮಾಡುತ್ತವೆ ಅನ್ನುವುದು ಮೂಲ ಸಿದ್ಧಾಂತ. ನನ್ನ ಹತ್ತಿರ ಇದ್ದಿದ್ದು ವರ್ಷಗಳ ನಂತರ ಕೋರ್ಟಿನಲ್ಲಿ ಆಡಿದ ಮಾತು. ಜುಲೈ 16ರ ಬೆಳಿಗ್ಗೆ ಅವನ ತಲೆಯಲ್ಲಿ ಏನಿತ್ತು ಅನ್ನುವುದಕ್ಕೆ ಇದು ಸಾಕ್ಷ್ಯವೇ ಅಲ್ಲ. ಅದರ ಮೇಲೆ, ಅವನು ತಪ್ಪಿಸಿಕೊಳ್ಳಲು ಮಾತಾಡುತ್ತಲೂ ಇಲ್ಲ. ತಾನಾಗಿ ಬಂದು ಒಪ್ಪಿಕೊಂಡವನು.

ಆಗ ನೆನಪಾಗಿದ್ದು ನಮ್ಮ ಸೀನಿಯರ್. ಒಂದು ದರೋಡೆ ಕೇಸಿನಲ್ಲಿ ಮಾಫಿ ಸಾಕ್ಷಿಯ, ಅಂದರೆ ಮಾಫಿ ಪಡೆದು ಸರ್ಕಾರದ ಪರ ಸಾಕ್ಷಿ ಹೇಳುವ ಸಹ ಅಪರಾಧಿಯ, ಹೇಳಿಕೆ ನಾನು ಓದಿ ಮುಗಿಸುವುದರೊಳಗೆ ಅವರು ಹೇಳಿದ್ದರು: “ನೋಡ್ ತಂಗಿ, ಮಾಫಿ ಸಾಕ್ಷಿ ಮಾತು ಎಷ್ಟ್ ಚಂದ ಇದ್ರೂ ಸುಮ್ನ ನಂಬಬಾರ್ದು. ಕಾಗದ ಏನ್ ಹೇಳ್ತಾವ ನೋಡು.” ನಮ್ಮ ಸಾಕ್ಷ್ಯ ಕಾನೂನಿನಲ್ಲೂ ಇದೇ ಇದೆ. ಸಹ ಅಪರಾಧಿಯ ಮಾತಿನ ಮೇಲೆ ಶಿಕ್ಷೆ ಕೊಡಬಹುದು, ಆದರೆ ಮುಖ್ಯ ವಿವರಗಳಿಗೆ ಬೇರೆ ಕಡೆಯಿಂದ ಬೆಂಬಲ ಸಿಗುವ ತನಕ ಅದು ನಂಬಲು ಯೋಗ್ಯವಲ್ಲ ಅಂತ ಕೋರ್ಟ್ ಊಹಿಸಬಹುದು.

ಕೋಡಿಂಗ್ ಪಕ್ಕಕ್ಕಿಟ್ಟು ಬೋಸ್ನಿಯನ್ ಸರ್ಬ್ ಸೈನ್ಯದ ಜನರಲ್ ರಾದಿಸ್ಲಾವ್ ಕ್ರ್ಸ್ತಿಚ್ ಕೇಸಿನ ತೀರ್ಪು ತೆರೆದೆ. 2001ರ ಆಗಸ್ಟ್ 2ರಂದು ಬಂದದ್ದು. ಸ್ರೆಬ್ರೆನಿತ್ಸಾದಲ್ಲಿ ನಡೆದದ್ದು ನರಮೇಧ ಅಂತ ಮೊದಲು ಹೇಳಿದ ತೀರ್ಪು. ಅದರಲ್ಲಿ ಬ್ರಾನ್ಯೆವೊ ಫಾರ್ಮ್ ಬಗ್ಗೆ ಬರುವ ಭಾಗ ನಾನು ಎಷ್ಟೋ ಸಲ ಓದಿದ್ದೇನೆ.

ಅಲ್ಲಿ ಡೀಸೆಲ್ ಇದೆ. ಜುಲೈ 16ರ ಮಧ್ಯಾಹ್ನ ಎದುರಾಳಿ ಬೋಸ್ನಿಯಾ ಸರ್ಕಾರದ ಸೈನ್ಯದವರು ಕದ್ದು ಕೇಳಿ ಬರೆದುಕೊಂಡ ಒಂದು ರೇಡಿಯೋ ಮಾತುಕತೆ. ಬೋಸ್ನಿಯನ್ ಸರ್ಬ್ ಸೈನ್ಯದ ಲೆಫ್ಟಿನೆಂಟ್ ಕರ್ನಲ್ ಪೊಪೊವಿಚ್ ಅವರಿಗೆ 500 ಲೀಟರ್ ಡೀಸೆಲ್ ಬೇಕು. ಇನ್ನೊಂದು ಕಡೆ ಅದೇ ಸೈನ್ಯದ ಝ್ವೋರ್ನಿಕ್ ಬ್ರಿಗೇಡ್‌ನ ಇಂಧನ ದಾಖಲೆ. ಅದೇ ದಿನ, ಅದೇ ಹೆಸರು, ಅದೇ 500 ಲೀಟರ್. ಹಳ್ಳಿಯಲ್ಲಿ ಬಾಡಿಗೆ ಟ್ರ್ಯಾಕ್ಟರಿನ ಲೆಕ್ಕ ಬರೆದಿಡುವ ಹಾಗೆ ಬರೆದಿಟ್ಟಿದ್ದಾರೆ. ಶತ್ರುಗಳು ಕದ್ದು ಕೇಳಿದ್ದನ್ನು ಅವರದೇ ಉಗ್ರಾಣದ ಕಾಗದ ಹೌದು ಅನ್ನುತ್ತದೆ. ಬಸ್ಸುಗಳು ಓಡಿವೆ. ಯಂತ್ರಗಳ ದಾಖಲೆಯೂ ಇದೆ, ಮರುದಿನ ಬ್ರಾನ್ಯೆವೊದಲ್ಲಿ ಬ್ರಿಗೇಡ್‌ನ ಅಗೆಯುವ ಯಂತ್ರ ಕೆಲಸ ಮಾಡಿದೆ. ಜುಲೈ 17ರಂದು ಅಮೆರಿಕ ಆಕಾಶದಿಂದ ತೆಗೆದ ಫೋಟೊದಲ್ಲಿ ಫಾರ್ಮ್‌ನ ಹೊಲದಲ್ಲಿ ಶವಗಳೂ ಹೊಸದಾಗಿ ಅಗೆದ ಮಣ್ಣೂ ಕಾಣುತ್ತವೆ. ಬದುಕಿ ಉಳಿದ ಇಬ್ಬರು ಸಾಕ್ಷಿಗಳೂ ಇದ್ದಾರೆ. ಹೆಸರು ಗುಟ್ಟು, ಬರೀ ಅಕ್ಷರಗಳಿಂದ ಗುರುತು. ಶವಗಳ ನಡುವೆ ಸತ್ತಂತೆ ಬಿದ್ದಿದ್ದು ಆಮೇಲೆ ತೆವಳಿ ಹೋದವರು. ಅವರ ಹೇಳಿಕೆಯಲ್ಲಿ ಬಸ್ಸುಗಳು, ಸಾಲು, ಹೊಲ ಎಲ್ಲವೂ ಎರ್ದೆಮೊವಿಚ್ ಹೇಳಿದ ಹಾಗೇ ಇವೆ.

1996ರಲ್ಲಿ ಆ ಹೊಲ ಅಗೆದಾಗ ಸಿಕ್ಕ ದೇಹಗಳು ಸುಮಾರು 130 ಜನರದು. 1,200 ಎಲ್ಲಿ, 130 ಎಲ್ಲಿ? ಪ್ರತಿವಾದಿ ವಕೀಲಳಾಗಿದ್ದರೆ ನಾನು ಇಲ್ಲೇ ಹಿಡಿಯುತ್ತಿದ್ದೆ. ಮುಂದೆ ಬೇರೆ ಕೇಸಿನಲ್ಲಿ ತನ್ನ ಪರ ತಾನೇ ವಾದಿಸಿದ ಬೋಸ್ನಿಯನ್ ಸರ್ಬರ ರಾಜಕೀಯ ನಾಯಕ ರಾಡೊವಾನ್ ಕರಾಜಿಚ್ ಕೂಡ ಎರ್ದೆಮೊವಿಚ್‌ನ ಪಾಟೀಸವಾಲಿನಲ್ಲಿ ಸಂಖ್ಯೆಯನ್ನೇ ಕೆದಕಿದ. ಉತ್ತರ ಮಣ್ಣಿನಲ್ಲಿದೆ. 1995ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ರಾತ್ರೋರಾತ್ರಿ ಯಂತ್ರ ತಂದು ದೊಡ್ಡ ಗುಂಡಿಗಳನ್ನು ಮತ್ತೆ ಅಗೆದು, ದೇಹಗಳನ್ನು ಲಾರಿಗಳಲ್ಲಿ ಒಯ್ದು, ದೂರದ ಸಣ್ಣ ಗುಂಡಿಗಳಲ್ಲಿ ಹೂತಿದ್ದರು. ಬ್ರಾನ್ಯೆವೊದ ದೇಹಗಳು ಚಂಚಾರಿ ಎಂಬ ರಸ್ತೆಯ ಬದಿಗೆ ಹೋದವು. ಅದು ಹೇಗೆ ಗೊತ್ತಾಯಿತು? ಮಣ್ಣಿನ ಬಗೆ, ಗುಂಡಿನ ಖಾಲಿ ಕೋಶ, ಕಣ್ಣಿಗೆ ಕಟ್ಟಿದ ಬಟ್ಟೆ, ಕೈ ಕಟ್ಟಿದ ಹಗ್ಗ. ಕೋಝ್ಲುಕ್ ಎಂಬ ಇನ್ನೊಂದು ಜಾಗದಲ್ಲಿ ಬಾಟಲಿ ಕಾರ್ಖಾನೆಯ ಒಡೆದ ಹಸಿರು ಗಾಜು ರಾಶಿ ಬಿದ್ದಿತ್ತು. ಅಲ್ಲಿ ಕೊಂದವರ ದೇಹಗಳ ಜೊತೆ ಅದೇ ಗಾಜು ಚಂಚಾರಿ ರಸ್ತೆಯ ಗುಂಡಿಗೂ ಬಂದಿದೆ. ಯಂತ್ರದ ಬಕೆಟ್ ದೇಹಗಳನ್ನು ತುಂಡು ಮಾಡಿದ್ದರಿಂದ ಒಬ್ಬನದೇ ಎಲುಬುಗಳು ಎರಡು ಮೂರು ಗುಂಡಿಗಳಲ್ಲಿ ಸಿಕ್ಕಿದ್ದೂ ಇದೆ. ಡಿಎನ್ಎ ಪರೀಕ್ಷೆಯಿಂದ ಇಲ್ಲಿಯ ತನಕ ಸುಮಾರು 7,000 ಜನರ ಗುರುತು ಹಿಡಿದಿದ್ದಾರೆ.

ಈ ಭಾಗ ಓದುವಾಗ ನೈತಿಕ ಸಮಿತಿಯ ಫಾರ್ಮ್‌ನಲ್ಲಿ ಕೇಳಿದ್ದ ಪ್ರಶ್ನೆಗಳು ಕೆಲಸಕ್ಕೆ ಬಂದವು. ಹೇಳಿಕೆಗಳಿಂದ ನನ್ನ ನಿದ್ದೆ ಕೆಟ್ಟಿರಲಿಲ್ಲ. ವಸ್ತುಗಳ ಪಟ್ಟಿ ಕೆಡಿಸಿತು. ಗುಂಡಿಗಳಲ್ಲಿ ಸಿಕ್ಕ ಕೈಗಡಿಯಾರ, ತಂಬಾಕಿನ ಡಬ್ಬಿ, ಮಾತ್ರೆ, ಕೈಯಲ್ಲಿ ಹೆಣೆದ ಕಾಲುಚೀಲ. ಸಂಜೆ ಆರರ ನಂತರ ಕಡತ ತೆರೆಯುವುದಿಲ್ಲ ಅಂತ ಒಂದು ನಿಯಮ ಮಾಡಿಕೊಂಡೆ. ಅವ್ವ ಫೋನಿನಲ್ಲಿ, “ಇವತ್ತ ಏನ್ ಓದಿದಿ?” ಅಂತ ಕೇಳಿದರೆ ಡೀಸೆಲ್ ಲೆಕ್ಕ ಅಂತ ಹೇಳುತ್ತಿದ್ದೆ. “ಅದನ್ನ ಓದಾಕ ಅಷ್ಟ್ ದೂರ ಹೋಗ್ಬೇಕಿತ್ತೇನು?” ಅನ್ನುತ್ತಿದ್ದಳು.

ಕಾಗದಗಳು ಇಷ್ಟನ್ನು ಗಟ್ಟಿ ಮಾಡಿದವು: ಆ ದಿನ, ಆ ಜಾಗದಲ್ಲಿ, ಆ ಕೆಲಸ ನಡೆದಿದೆ. ಆದರೆ ಡೀಸೆಲ್ ಚೀಟಿ ಯಾರ ಭಯವನ್ನೂ ಹೇಳುವುದಿಲ್ಲ. ನ್ಯಾಯಮಂಡಳಿಗೂ ಇದೇ ಕಷ್ಟ ಆಗಿತ್ತು. 1996ರ ನವೆಂಬರ್‌ನಲ್ಲಿ 10 ವರ್ಷ ಶಿಕ್ಷೆ ಕೊಟ್ಟ ನ್ಯಾಯಪೀಠ, ಬೆದರಿಕೆಯ ಮಾತಿಗೆ ಅವನ ಹೇಳಿಕೆ ಬಿಟ್ಟರೆ ಬೇರೆ ಆಧಾರ ಇಲ್ಲ ಅಂತ ಹೇಳಿತ್ತು. ಮೇಲ್ಮನವಿ ಪೀಠ 1997ರ ಅಕ್ಟೋಬರ್ 7ರಂದು ಎರಡು ಹೋಳಾಯಿತು. ಮೂವರು ನ್ಯಾಯಾಧೀಶರು, ನಿರಪರಾಧಿಗಳನ್ನು ಕೊಂದವನಿಗೆ ಪ್ರಾಣ ಬೆದರಿಕೆ ಪೂರ್ತಿ ರಕ್ಷಣೆ ಆಗುವುದಿಲ್ಲ ಅಂದರು. ನಮ್ಮ ಸೆಕ್ಷನ್ 94ರ ಉತ್ತರವೇ. ಇಬ್ಬರು ಒಪ್ಪಲಿಲ್ಲ. ಅವರಲ್ಲಿ ಒಬ್ಬರು ಆಂಟೋನಿಯೊ ಕಸೆಸೆ. ಅವನು ಸತ್ತಿದ್ದರೂ ಆ ಕೈದಿಗಳು ಉಳಿಯುತ್ತಿರಲಿಲ್ಲ, ಸುಮ್ನೆ ಇನ್ನೊಂದು ಶವ ಸೇರುತ್ತಿತ್ತು, ಅಂತಹವನಿಂದ ಕಾನೂನು ವೀರತನ ಕೇಳಬಹುದಾ ಎನ್ನುವುದು ಅವರ ವಾದದ ಸಾರ. ಮೊದಲ ತಪ್ಪೊಪ್ಪಿಗೆಯೇ ಸರಿಯಾಗಿ ತಿಳಿದು ಕೊಟ್ಟದ್ದಲ್ಲ ಅಂತ ಕೇಸು ವಾಪಸ್ ಹೋಯಿತು. 1998ರ ಮಾರ್ಚ್ 5ರಂದು 5 ವರ್ಷ ಶಿಕ್ಷೆ ಆಯಿತು. ಈ ಸಲ ಬೆದರಿಕೆ ಇದ್ದದ್ದು ನಿಜ ಅಂತ ನ್ಯಾಯಪೀಠ ಒಪ್ಪಿತು, ಆದರೆ ಶಿಕ್ಷೆ ಕಡಿಮೆ ಮಾಡಲು ಮಾತ್ರ.

ಹಾಗಾದರೆ ಭಯಕ್ಕೆ ಪೂರಕ ಸಾಕ್ಷ್ಯ ಎಲ್ಲಿ ಹುಡುಕುವುದು? ನನಗೆ ಸಿಕ್ಕಿದ್ದು ಅದೇ ದಿನದ ಮಧ್ಯಾಹ್ನದಲ್ಲಿ. ಫಾರ್ಮ್‌ನ ಕೆಲಸ ಮುಗಿದ ಮೇಲೆ ಒಬ್ಬ ಲೆಫ್ಟಿನೆಂಟ್ ಕರ್ನಲ್ ಬಂದು, ಪಿಲಿತ್ಸಾ ಊರಿನ ಸಾಂಸ್ಕೃತಿಕ ಭವನದಲ್ಲಿ ಇನ್ನೂ ಸುಮಾರು 500 ಜನ ಇದ್ದಾರೆ, ಅವರನ್ನೂ ಮುಗಿಸಬೇಕು ಅಂದ. ಎರ್ದೆಮೊವಿಚ್ ಒಲ್ಲೆ ಅಂದ. ಅವನ ತುಕಡಿಯ ಇನ್ನೂ ಕೆಲವರು ಒಲ್ಲೆ ಅಂದರು. ಯಾರೂ ಅವರನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ. ಬ್ರಾತುನಾತ್ಸ್‌ನಿಂದ ಬಂದಿದ್ದ ಬೇರೆ ಗುಂಪು ಆ ಕೆಲಸ ಮಾಡಿತು. ಇವರು ಎದುರಿನ ಕೆಫೆಯಲ್ಲಿ ಕೂತಿದ್ದರು, ಗುಂಡಿನ ಸದ್ದು ಕೇಳುತ್ತಿತ್ತು. ನಂತರ ಆ ಭವನದ ಗೋಡೆಗಳಲ್ಲಿ ತನಿಖೆಯವರಿಗೆ ರಕ್ತ, ಕೂದಲು, ಸ್ಫೋಟಕದ ಗುರುತು ಸಿಕ್ಕಿವೆ.

ಈ ಒಲ್ಲೆ ಎರಡೂ ಕಡೆ ಕೊಯ್ಯುತ್ತದೆ. ಅವನಿಗೆ ಮನಸ್ಸಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಇಲ್ಲ. ಹಾಗೇ, ಒಲ್ಲೆ ಅಂದರೂ ಬದುಕಬಹುದಿತ್ತು ಅನ್ನುವುದಕ್ಕೂ ಇದೇ ಸಾಕ್ಷ್ಯ. ಬೆಳಿಗ್ಗೆ ಒಬ್ಬನೇ ಅಂದ, ಮಧ್ಯಾಹ್ನ ಗುಂಪಾಗಿ ಅಂದರು. ಬೆಳಿಗ್ಗೆ ಕೊಲ್ಲುವವರು ಕಡಿಮೆ ಇದ್ದರು, ಮಧ್ಯಾಹ್ನ ಬೇರೆಯವರು ತಯಾರಿದ್ದರು. ನನ್ನ ಪ್ರಬಂಧದ ವಾದ ಇದೇ ಆಯಿತು. ಭಯ ಎನ್ನುವುದು ಒಬ್ಬನ ಎದೆಯೊಳಗೆ ದಿನವಿಡೀ ಒಂದೇ ಸಮನೆ ಇರುವ ವಸ್ತುವಲ್ಲ. ಪಕ್ಕದಲ್ಲಿ ಯಾರು ನಿಂತಿದ್ದಾರೆ, ನಿನ್ನ ಬದಲಿಗೆ ಮಾಡಲು ಯಾರಿದ್ದಾರೆ ಎನ್ನುವುದರ ಮೇಲೆ ಗಂಟೆ ಗಂಟೆಗೂ ಅದರ ಅಳತೆ ಬದಲಾಗುತ್ತದೆ. ಆದ್ದರಿಂದ ಕೊಲೆಗಾರ ಯಾಕೆ ಮಾಡಿದೆ ಅಂತ ಹೇಳುವ ಮಾತನ್ನು ಐದು ಪೆಟ್ಟಿಗೆಗೆ ತುಂಬುವುದಕ್ಕಿಂತ, ಅವನು ಯಾವಾಗ ಮಾಡಲಿಲ್ಲ ಎನ್ನುವುದನ್ನು ಹುಡುಕಬೇಕು.

ಇಷ್ಟಕ್ಕೇ ನಿಲ್ಲಲೂ ಆಗುವುದಿಲ್ಲ. ಒಂದು ವಾರದೊಳಗೆ ಅದೇ ತುಕಡಿಯ ಸೈನಿಕನೊಬ್ಬ ಎರ್ದೆಮೊವಿಚ್ ಮೇಲೆ ಗುಂಡು ಹಾರಿಸಿ ತೀವ್ರವಾಗಿ ಗಾಯಗೊಳಿಸಿದ. ಬಾಯಿ ಮುಚ್ಚಿಸಲು ಮಾಡಿದ್ದು ಅಂತ ಅವನ ನಂಬಿಕೆ. ಅಂದಮೇಲೆ ಒಲ್ಲೆ ಅನ್ನುವುದಕ್ಕೆ ಬೆಲೆ ಇರಲಿಲ್ಲ ಅಂತ ಹೇಗೆ ಹೇಳುವುದು?

ಇನ್ನೊಂದು ಲಾಭ ಇತ್ತು. ಅವನು ಒಂದೇ ಸಲ ಸಾಕ್ಷಿ ಹೇಳಿ ಹೋದವನಲ್ಲ. 1996ರಲ್ಲಿ, 2000ದಲ್ಲಿ ಕ್ರ್ಸ್ತಿಚ್ ಕೇಸಿನಲ್ಲಿ, 2003ರಲ್ಲಿ ಸರ್ಬಿಯಾದ ಮಾಜಿ ಅಧ್ಯಕ್ಷ ಸ್ಲೊಬೊಡಾನ್ ಮಿಲೊಷೆವಿಚ್ ಎದುರಿಗೆ, 2012ರಲ್ಲಿ ಕರಾಜಿಚ್ ಎದುರಿಗೆ, ಮರುವರ್ಷ ಬೋಸ್ನಿಯನ್ ಸರ್ಬ್ ಸೈನ್ಯದ ಮುಖ್ಯಸ್ಥನಾಗಿದ್ದ ರಾತ್ಕೊ ಮ್ಲಾದಿಚ್ ಕೇಸಿನಲ್ಲಿ, ಹೀಗೆ ಅದೇ ದಿನವನ್ನು ಮತ್ತೆ ಮತ್ತೆ ಹೇಳಿದ್ದಾನೆ. ಅವನ್ನೆಲ್ಲ ಅಕ್ಕಪಕ್ಕ ಇಟ್ಟು ಓದಿದೆ. ನಮ್ಮ ಕಡೆ ಸಾಕ್ಷಿಯ ಹಳೆಯ ಹೇಳಿಕೆಗೂ ಹೊಸ ಹೇಳಿಕೆಗೂ ಇರುವ ವ್ಯತ್ಯಾಸ ಹುಡುಕಿ ಪಾಟೀಸವಾಲು ಮಾಡುತ್ತೇವಲ್ಲ, ಆ ಅಭ್ಯಾಸ ಇಲ್ಲಿ ಪೂರ್ತಿ ಕೆಲಸಕ್ಕೆ ಬಂತು. ನನಗೆ ಎದ್ದು ಕಂಡದ್ದು, ಬಸ್ಸಿನಿಂದ ಇಳಿದ ಒಬ್ಬ ವಯಸ್ಸಾದವನ ಪ್ರಸಂಗ. ತಾನು ಸರ್ಬ್ ಜನರನ್ನು ಉಳಿಸಿದ್ದೆ ಅಂತ ಆ ಮುದುಕ ಹೇಳಿದ. ಅವನನ್ನು ಬಿಡೋಣ ಅಂತ ಎರ್ದೆಮೊವಿಚ್ ಕೇಳಿದ. ಸಾಕ್ಷಿ ಉಳಿಯಬಾರದು ಅಂತ ತುಕಡಿಯ ಮುಖ್ಯಸ್ಥ ಒಪ್ಪಲಿಲ್ಲ. ಸಂಖ್ಯೆ, ಗಂಟೆಯ ಬಗ್ಗೆ ಪಾಟೀಸವಾಲಿನಲ್ಲಿ ಎಷ್ಟೇ ಎಳೆದಾಡಿದರೂ ಅವನು ಇದು ನನ್ನ ಅಂದಾಜು ಅಂತಲೇ ಉಳಿಯುತ್ತಾನೆ. ಸಾಕ್ಷಿಕಟ್ಟೆಯಲ್ಲಿ ಇಂತಹವರನ್ನು ಅಲುಗಾಡಿಸುವುದು ಕಷ್ಟ.

ಓದಿ ಓದಿ ಕಣ್ಣು ನೋಯುತ್ತಿದ್ದ ದಿನಗಳಲ್ಲಿ ಹೇಗ್‌ಗೆ ರೈಲು ಹತ್ತಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಹೋಗುತ್ತಿದ್ದೆ. ಸಮುದ್ರದ ಹತ್ತಿರ ಮರಳುದಿಬ್ಬಗಳ ಪಕ್ಕ ಇದೆ. ಪಾಸ್‌ಪೋರ್ಟ್ ತೋರಿಸಿದರೆ ಯಾರು ಬೇಕಾದರೂ ಸಾರ್ವಜನಿಕ ಗ್ಯಾಲರಿಯಲ್ಲಿ ಕೂರಬಹುದು. ಮಧ್ಯೆ ದಪ್ಪ ಗಾಜು, ಕಿವಿಗೆ ಹೆಡ್‌ಫೋನ್. 2022ರ ಏಪ್ರಿಲ್‌ನಲ್ಲಿ ಡಾರ್ಫುರ್‌ನ ಜಂಜವೀದ್ ನಾಯಕ ಅಲಿ ಕುಶೈಬ್ ಎಂಬವನ ವಿಚಾರಣೆ ಶುರುವಾಗಿತ್ತು. ಹೇಗನ್ ಲೆಕ್ಕ ಹಾಕಿದ ಅದೇ ಡಾರ್ಫುರ್. ನಾನು ಆ ಅಲಿ ಕುಶೈಬೇ ಅಲ್ಲ ಅನ್ನುವುದು ಅವನ ವಾದ. ಸಾಕ್ಷಿಯ ಗುರುತು ಬಯಲಾಗುವ ಮಾತು ಬಂದ ಕೂಡಲೇ ಗಾಜಿಗೆ ಪರದೆ ಇಳಿಯುತ್ತದೆ, ಹೆಡ್‌ಫೋನ್ ನಿಲ್ಲುತ್ತದೆ. ಒಂದೊಂದು ದಿನ ಅರ್ಧ ಹೊತ್ತು ಪರದೆಯನ್ನೇ ನೋಡಿ ಬಂದದ್ದಿದೆ. 2025ರ ಅಕ್ಟೋಬರ್‌ನಲ್ಲಿ ಅವನ ಮೇಲಿನ 27 ಆರೋಪಗಳು ಸಾಬೀತಾದವು. ಭಾರತ ಈ ನ್ಯಾಯಾಲಯದ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದರ ಬಗ್ಗೆ ಗ್ಯಾಲರಿಯಲ್ಲಿ ಪಕ್ಕ ಕೂತವರು ಕೇಳದೆ ಬಿಡುತ್ತಿರಲಿಲ್ಲ. ಅಮೆರಿಕ, ಚೀನಾ ಕೂಡ ಅದರ ಸದಸ್ಯರಲ್ಲವಲ್ಲ ಅಂತ ಹೇಳಿ ನಾನೂ ಬಿಡುತ್ತಿರಲಿಲ್ಲ.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಎರಡನೇ ಪರೀಕ್ಷಕರು ನನ್ನ ವಾದವನ್ನು ಒಪ್ಪಲಿಲ್ಲ. ಒಬ್ಬನ ಕೇಸಿನಿಂದ ಇಷ್ಟು ದೂರ ಹೋಗಲು ಬರುವುದಿಲ್ಲ, ಅದೂ ಹೇಳಲು ಮನಸ್ಸು ಮಾಡಿದ ಒಬ್ಬನಿಂದ, ಎನ್ನುವುದು ಅವರ ಮಾತು. ಅದರಲ್ಲಿ ತಥ್ಯ ಇದೆ. ಆ ದಿನ ಫಾರ್ಮ್‌ನಲ್ಲಿದ್ದ ಉಳಿದವರಲ್ಲಿ ಒಬ್ಬ ಅಮೆರಿಕದಲ್ಲಿ ಸಿಕ್ಕಿಬಿದ್ದು, ಗಡೀಪಾರಾಗಿ, ತಪ್ಪೊಪ್ಪಿಕೊಂಡು 10 ವರ್ಷ ಶಿಕ್ಷೆ ಪಡೆದ. ಅದೇ 10ನೇ ತುಕಡಿಯ ಇನ್ನೂ ನಾಲ್ವರಿಗೆ 2012ರಲ್ಲಿ ಸರಾಯೆವೊದ ಬೋಸ್ನಿಯಾ ನ್ಯಾಯಾಲಯ ಎರ್ದೆಮೊವಿಚ್‌ಗಿಂತ ಬಹಳ ದೀರ್ಘ ಶಿಕ್ಷೆ ಕೊಟ್ಟಿತು. ಒಂದೇ ತುಕಡಿ, ಒಂದೇ ಹೊಲ. ಒಬ್ಬನಿಗೆ 5 ವರ್ಷ, ಬೇರೆಯವರಿಗೆ ಅದರ ಎಷ್ಟೋ ಪಟ್ಟು. ಇದು ನ್ಯಾಯವಾ ಅಂತ ಪರೀಕ್ಷಕರು ಕೇಳಿದರು. ಮಾಫಿ ಸಾಕ್ಷಿ ಇಲ್ಲದೆ ಎಷ್ಟೋ ಕೇಸು ನಿಲ್ಲುವುದೇ ಇಲ್ಲ, ಮೊದಲು ಬಾಯಿ ಬಿಟ್ಟವನಿಗೆ ಕಾನೂನು ಬೆಲೆ ಕೊಡುತ್ತದೆ, ಆದರೆ ಇವನು ಮಾಫಿ ಕೇಳದೆ ಬಾಯಿ ಬಿಟ್ಟವನು ಅಂದೆ. ಅವರು ತಲೆ ಆಡಿಸಿದರು. ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ.

ಪಾಸಾದೆ. ಈಗ ಹುಬ್ಬಳ್ಳಿಯಲ್ಲೇ ಇದ್ದೇನೆ, ಸಂಜೆ ಆರಕ್ಕೆ ಮೊದಲು ಸಮಯ ಸಿಕ್ಕಾಗ ಸರಾಯೆವೊದ ಆ ತೀರ್ಪು ಓದುತ್ತಿದ್ದೇನೆ. ಅದರಲ್ಲೂ ಬೆದರಿಕೆಯ ವಾದ ಇದೆ. ಪಿಲಿತ್ಸಾದಲ್ಲಿ ಒಲ್ಲೆ ಅಂದವರಲ್ಲಿ ಇವರಲ್ಲಿ ಯಾರು ಯಾರು ಇದ್ದರು ಅಂತ ನೋಡಬೇಕಾಗಿದೆ.